ಫೆರಪೊಂತೊವೊಗೆ ಹೋಗಲು ಯಾರಿಗೆ ಫೋನ್ ಮಾಡಬೇಕು?

ರಷ್ಯಾದ ದೊಡ್ಡ ಊರುಗಳಲ್ಲಿ ಟ್ಯಾಕ್ಸಿಗೆ ಪರದಾಡಬೇಕಿಲ್ಲ. ಯಾಂಡೆಕ್ಸ್ ಆ್ಯಪ್ ತೆರೆದರೆ ಕಾರು ಬಾಗಿಲಿಗೇ ಬರುತ್ತದೆ. ಹಳ್ಳಿ ಕಡೆ ಹೋದರೆ ಲೆಕ್ಕವೇ ಬೇರೆ. ವೊಲೊಗ್ದಾ ಪ್ರಾಂತ್ಯದ ಕಿರಿಲ್ಲೊವ್ ಸುತ್ತಮುತ್ತ ಓಡಾಡುವಾಗ ನಾನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ವೊಲೊಗ್ದಾದಿಂದ ಕಿರಿಲ್ಲೊವ್‌ಗೆ ಸುಮಾರು 130 ಕಿ.ಮೀ. ಬಸ್ಸಿದೆ. 1397ರಲ್ಲಿ ಶುರುವಾದ ದೊಡ್ಡ ಮಠ ಊರೊಳಗೇ, ಸಿವೆರ್ಸ್ಕೊಯೆ ಸರೋವರದ ದಂಡೆಯಲ್ಲಿದೆ. ನಡೆದೇ ಹೋಗಬಹುದು. ನನಗೆ ನೋಡಲೇಬೇಕಿದ್ದದ್ದು ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಫೆರಪೊಂತೊವೊ. 1502ರಲ್ಲಿ ದಿಯೊನೀಸಿ ಎಂಬ ಚಿತ್ರಕಾರ ತನ್ನ ಮಕ್ಕಳ ಜೊತೆ ಅಲ್ಲಿನ ಚರ್ಚಿನ ಗೋಡೆ ತುಂಬ ಚಿತ್ರ ಬರೆದಿದ್ದಾನೆ. ಐನೂರು ವರ್ಷದ ಆ ಬಣ್ಣ ಕಾಪಾಡಬೇಕಲ್ವಾ, ಅದಕ್ಕೆ ತೇವ ಜಾಸ್ತಿ ಇರುವ ದಿನ ಜನರನ್ನು ಒಳಗೆ ಬಿಡುವುದಿಲ್ಲ. ಬಸ್ಸಿನ ಹೊತ್ತೇ ಒಂದು, ಬಾಗಿಲು ತೆರೆಯುವ ಹೊತ್ತೇ ಒಂದು. ಹಾಗಾಗಿ ಟ್ಯಾಕ್ಸಿಯೇ ಸರಿ.

ನಂಬರ್ ಹುಡುಕುವುದು ಸುಲಭ. ಬಸ್ ನಿಲ್ದಾಣದ ಗೋಡೆ, ಕಿರಾಣಿ ಅಂಗಡಿಯ ಬಾಗಿಲು, ಅಲ್ಲೆಲ್ಲ ಅಂಟಿಸಿರುತ್ತಾರೆ. ಆದರೆ ನಾನು ಮೊದಲು ಕೇಳುತ್ತಿದ್ದದ್ದು ಉಳಿದುಕೊಂಡ ಮನೆಯ ಒಡತಿಯನ್ನು. ಯಾರು ಹೇಳಿದ ಹೊತ್ತಿಗೆ ಬರುತ್ತಾರೆ, ಯಾರು ರಾತ್ರಿ ಫೋನ್ ಎತ್ತುವುದಿಲ್ಲ, ಎಲ್ಲ ಅವರಿಗೆ ಗೊತ್ತು. ರಷ್ಯನ್ ಬಾರದಿದ್ದರೆ ಅವರಿಂದಲೇ ಫೋನ್ ಮಾಡಿಸಿ. ನೀವೇ ಮಾಡುವುದಾದರೆ ಜಾಸ್ತಿ ಮಾತು ಬೇಡ. 'ಜ್ದ್ರಾಸ್ತ್ವುಯ್ತೆ' ಅಂತ ನಮಸ್ಕಾರ ಹೇಳಿ, ಎಲ್ಲಿಂದ ಎಲ್ಲಿಗೆ ಅಂತ ಹೇಳಿ, 'ಸ್ಕೋಲ್ಕೊ?' ಅಂತ ಕೇಳಿ. ಎಷ್ಟು ಎಂಬುದನ್ನು ಆಗಲೇ ಹೇಳಿಬಿಡುತ್ತಾರೆ. ಮೀಟರ್ ಇಲ್ಲ, ಚೌಕಾಸಿಯೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ತಿರುಗಿ ಫೋನ್ ಬರುತ್ತದೆ: ಕಾರಿನ ಬಣ್ಣ, ಹೆಸರು, ನಂಬರ್ ಪ್ಲೇಟಿನ ಮೂರು ಅಂಕಿ. ಬಿಳಿ ಲಾದಾ ಗ್ರಾಂತಾ, ಬೂದು ಲೋಗನ್, ಹೀಗೆ. ಪ್ಲೇಟಿನ ಬಲತುದಿಯ 35 ಇಡೀ ಪ್ರಾಂತ್ಯದ ಸಂಖ್ಯೆ, ಅದನ್ನು ನೋಡಿ ಕಾರು ಗುರುತಿಸಲು ಆಗುವುದಿಲ್ಲ. ಅದಕ್ಕೇ ಮೊದಲು 1ರಿಂದ 10 ಮತ್ತು ನೂರರ ಲೆಕ್ಕವನ್ನು ರಷ್ಯನ್ನಿನಲ್ಲಿ ಕಲಿತುಕೊಳ್ಳಿ. ಬೇರೆ ಏನು ಬಾರದಿದ್ದರೂ ನಡೆಯುತ್ತದೆ.

ನಾನು ಒತ್ತಿ ಹೇಳುವುದು ವಾಪಸ್ ಬರುವ ವಿಷಯ. ಹೊರಡುವ ಮುಂಚೆಯೇ ಅದನ್ನು ಮಾತಾಡಿಬಿಡಿ. ಫೆರಪೊಂತೊವೊ ಚಿಕ್ಕ ಹಳ್ಳಿ, ರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಲು ಖಾಲಿ ಕಾರೇ ಇರುವುದಿಲ್ಲ. ಡ್ರೈವರ್ ಅಲ್ಲೇ ಕಾಯುವುದಾದರೆ ಕಾಯುವ ದುಡ್ಡು ಬೇರೆ. ಬಿಟ್ಟು ಹೋಗಿ ಆಮೇಲೆ ಬರುವುದಾದರೆ ಹೊತ್ತು ಗೊತ್ತುಮಾಡಿ, ಫೋನಿನಲ್ಲಿ ಅಂಕಿ ಬರೆದು ತೋರಿಸಿ. ನಾನು ಸಾಮಾನ್ಯವಾಗಿ ಕಾಯಿಸುತ್ತಿದ್ದೆ. ಚಿತ್ರ ನೋಡುವಾಗ ಗಡಿಯಾರ ನೋಡಬೇಕಾಗಬಾರದು. ಆ ನೀಲಿ, ಆ ತಿಳಿ ಗುಲಾಬಿ ಕಣ್ಣಿಗೆ ಹಿಡಿಯಲು ಹೊತ್ತು ಬೇಕು.

ದುಡ್ಡು ನಗದು ಇರಲಿ, ಚಿಲ್ಲರೆಯೂ ಇರಲಿ. ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ಊರಿನವರು ಫೋನ್ ನಂಬರಿಗೆ ದುಡ್ಡು ಹಾಕಿಬಿಡುತ್ತಾರೆ, ನಮಗೆ ಅಲ್ಲಿನ ಬ್ಯಾಂಕ್ ಖಾತೆ ಇಲ್ಲದೆ ಅದು ಆಗುವುದಿಲ್ಲ.

ಕಾರಿನ ಬಾಗಿಲು ಮೆಲ್ಲಗೆ ಹಾಕಿ. ಧಡಾರ್ ಅಂತ ಬಡಿದರೆ ರಷ್ಯದ ಯಾವ ಡ್ರೈವರಿಗೂ ಸಿಟ್ಟು ಬರುತ್ತದೆ. ಚಳಿಗಾಲದಲ್ಲಿ ಬೂಟಿನ ಹಿಮ ಕೊಡವಿಯೇ ಹತ್ತಬೇಕು. ಒಬ್ಬರೇ ಇದ್ದರೆ ಮುಂದಿನ ಸೀಟಿನಲ್ಲಿ ಕೂತರೆ ಮಾತು ಬೆಳೆಯುತ್ತದೆ, ಬೆಲ್ಟ್ ಮಾತ್ರ ಹಾಕಿಕೊಳ್ಳಿ.

ಹಿಮ ಕರಗುವ ಏಪ್ರಿಲ್‌ನಲ್ಲಿ, ಮಳೆಯ ಅಕ್ಟೋಬರ್‌ನಲ್ಲಿ ಡಾಂಬರಿಲ್ಲದ ದಾರಿ ಕೆಸರಾಗಿರುತ್ತದೆ. ಒಳಹಳ್ಳಿಗೆ ಹೋಗುವುದಾದರೆ ಮನೆ ಬಾಗಿಲವರೆಗೆ ಬರುತ್ತಾರೋ, ಡಾಂಬರು ಮುಗಿಯುವಲ್ಲಿ ಇಳಿಸುತ್ತಾರೋ ಕೇಳಿಕೊಳ್ಳಿ. ಬರುವುದಿಲ್ಲ ಅಂದರೆ ಒತ್ತಾಯ ಮಾಡಬೇಡಿ, ಆ ದಾರಿ ಅವರಿಗೆ ಗೊತ್ತು. ಒಬ್ಬ ಒಳ್ಳೆಯ ಡ್ರೈವರ್ ಸಿಕ್ಕರೆ ಅವರ ನಂಬರನ್ನೇ ಉಳಿಸಿಕೊಳ್ಳಿ. ಮರುದಿನ ಕಿರಿಲ್ಲೊವ್ ಹತ್ತಿರದ ಗೊರಿತ್ಸಿ ಹಳ್ಳಿಯ ದೋಣಿ ಕಟ್ಟೆಗೂ ಅವರನ್ನೇ ಕರೆಯಬಹುದು.