ಮೈಎಸ್‌ಕ್ಯೂಎಲ್ ಸುಮ್ನೆ ನಿಲ್ಲುತ್ತಿತ್ತು, ಕಾರಣ ಬೇರೆ ಲಾಗ್‌ನಲ್ಲಿತ್ತು

ಬದಿಯಡ್ಕದ ಒಂದು ಕೃಷಿ ಸೊಸೈಟಿಯ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ದಿನದ ಅಡಿಕೆ ಧಾರಣೆ ಅದರಲ್ಲೇ ಬರುವುದು. ಇತ್ತೀಚೆಗೆ ಸೈಟ್ ಆಗಾಗ ಬಂದ್ ಆಗತೊಡಗಿತು. ಸೈಟಿನ ಮಾಹಿತಿ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ನಿಂತಿರುತ್ತಿತ್ತು; ರೀಸ್ಟಾರ್ಟ್ ಮಾಡಿದರೆ ಸರಿ, ಮರುದಿನ ಮತ್ತೆ ಅದೇ ಕತೆ.

ಮೊದಲು ಮೈಎಸ್‌ಕ್ಯೂಎಲ್‌ನ ಎರರ್ ಲಾಗ್ (ದೋಷಗಳು ದಾಖಲಾಗುವ ಕಡತ) ತೆರೆದೆ. ಎರರ್ ಒಂದೂ ಇಲ್ಲ, ಶಟ್‌ಡೌನ್ ಆದ ಸಾಲೂ ಇಲ್ಲ. ನೇರವಾಗಿ ಮುಂದಿನ ಸ್ಟಾರ್ಟ್ ಸಾಲು. ಅಂದರೆ ಅದು ತಾನಾಗಿ ನಿಂತದ್ದಲ್ಲ, ಹೊರಗಿನಿಂದ ಯಾರೋ ಕೊಂದದ್ದು. ಹಾಗೆ ಕೊಂದಾಗ ಪ್ರೋಗ್ರಾಂಗೆ ಕೊನೆಯ ಸಾಲು ಬರೆಯಲೂ ಪುರುಸೊತ್ತು ಸಿಗುವುದಿಲ್ಲ. ಆ ಮೌನವೇ ದೊಡ್ಡ ಸುಳಿವು, ಅಲ್ವಾ?

ಸರ್ವರಿನ ಲಿನಕ್ಸ್‌ನ ತಿರುಳಾದ ಕರ್ನಲ್‌ಗೂ ಒಂದು ಲಾಗ್ ಇದೆ, ಜರ್ನಲ್‌ಸಿಟಿಎಲ್ ಕಮಾಂಡಿನಿಂದ ಅದರಲ್ಲಿ ಅದೇ ಹೊತ್ತಿನ ಸಾಲು ಹುಡುಕಿದೆ. ಇಲ್ಲೊಂದು ಜೋಪಾನ: ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಬರೆಯುತ್ತದೆ, ಜರ್ನಲ್‌ಸಿಟಿಎಲ್ ತೋರಿಸುವುದು ಸರ್ವರಿನ ಸಮಯ. ನಮ್ಮಲ್ಲಿ 5 ಗಂಟೆ 30 ನಿಮಿಷ ಕೂಡಿಸಿ ನೋಡಬೇಕು. ಕೂಡಿಸಿದೆ, ಸಿಕ್ಕಿತು: 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್', ಪಕ್ಕದಲ್ಲೇ ಮೈಎಸ್‌ಕ್ಯೂಎಲ್‌ಡಿ, ಅಂದರೆ ಮೈಎಸ್‌ಕ್ಯೂಎಲ್‌ನ ಪ್ರೊಸೆಸ್. ರ‍್ಯಾಮ್ ಮುಗಿದರೆ ಲಿನಕ್ಸ್ ಸಾಮಾನ್ಯವಾಗಿ ಜಾಸ್ತಿ ಮೆಮೊರಿ ಹಿಡಿದ ಪ್ರೊಸೆಸನ್ನೇ ಕೊಲ್ಲುತ್ತದೆ.

ಮೆಮೊರಿ ತುಂಬಿಸಿದ್ದು ಯಾರು ಅಂತ ನಮ್ಮ ವೆಬ್ ಸರ್ವರ್ ಅಪಾಚಿಯ ಆಕ್ಸೆಸ್ ಲಾಗ್ (ಯಾರು ಯಾವ ಪುಟ ಕೇಳಿದರು ಎಂಬ ದಾಖಲೆ) ಹೇಳಿತು. ಒಂದೇ ಐಪಿ ವಿಳಾಸದಿಂದ ಲಾಗಿನ್ ಪುಟಕ್ಕೆ ಒಂದರ ಹಿಂದೊಂದು ಪೋಸ್ಟ್ ರಿಕ್ವೆಸ್ಟ್ (ಫಾರ್ಮ್ ತುಂಬಿ ಕಳಿಸುವ ಕೋರಿಕೆ). ಪಾಸ್‌ವರ್ಡ್ ಊಹಿಸುವ ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಅದು. ಇಷ್ಟೊಂದು ರಿಕ್ವೆಸ್ಟ್ ಒಟ್ಟಿಗೆ ನಿಭಾಯಿಸುವಾಗಲೇ ಮೆಮೊರಿ ತುಂಬುತ್ತಿತ್ತು.

ಲಾಗ್ ನೋಡಿ ಕಾಟ ಕೊಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಎಂಬ ಸಾಫ್ಟ್‌ವೇರ್ ಹಾಕಿ ಅಂಥ ಐಪಿಗಳನ್ನು ತಡೆದೆ. ಅಪಾಚಿಯ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ (ಒಟ್ಟಿಗೆ ಎಷ್ಟು ರಿಕ್ವೆಸ್ಟ್ ನಿಭಾಯಿಸಬಹುದು ಎಂಬ ಮಿತಿ) 150 ಇತ್ತು, ನಮ್ಮ 2 ಜಿಬಿ ರ‍್ಯಾಮ್‌ಗೆ ತಕ್ಕಂತೆ 25ಕ್ಕೆ ಇಳಿಸಿದೆ. ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಸ್ವಾಪ್ ಫೈಲನ್ನೂ ಸೇರಿಸಿದೆ. ಸ್ವಾಪ್ ಒಂದನ್ನೇ ನಂಬಬೇಡಿ, ಬಾಟ್ ನಿಲ್ಲದಿದ್ದರೆ ಅದೂ ತುಂಬುತ್ತದೆ.