ಸಿಬ್ಬಂದಿ ಕೊರತೆಯ ಕಾಲದಲ್ಲಿ ಶುಶ್ರೂಷಕರು, ಥೆರಪಿಸ್ಟ್‌ಗಳು ಕೆಲಸ ಆರಿಸಿಕೊಳ್ಳುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ, 2023ರಲ್ಲಿ ಜಗತ್ತಿನಲ್ಲಿ ಸುಮಾರು 58 ಲಕ್ಷ ಶುಶ್ರೂಷಕರ ಕೊರತೆಯಿತ್ತು. ಆದರೂ ಖಾಲಿ ಹುದ್ದೆಗಳೆಲ್ಲವೂ ಒಳ್ಳೆಯ ಹುದ್ದೆಗಳಲ್ಲ. ದೇಹ, ಮನಸ್ಸು ಬಳಲದೆ ಹಲವು ವರ್ಷ ದುಡಿಯಬಹುದಾದ ಕಡೆಯನ್ನು ಹುಡುಕಿಕೊಳ್ಳಬೇಕು.

ಸಂದರ್ಶನದಲ್ಲಿ ವೇತನದ ಮಾತಿಗೂ ಮೊದಲು, ನೀವು ಸೇರಲಿರುವ ವಾರ್ಡಿನಲ್ಲಿ ಒಬ್ಬ ಶುಶ್ರೂಷಕರ ಪಾಲಿಗೆ ಎಷ್ಟು ರೋಗಿಗಳು ಬರುತ್ತಾರೆ ಎಂಬುದನ್ನು ಹಗಲು ಪಾಳಿಗೂ ರಾತ್ರಿ ಪಾಳಿಗೂ ಪ್ರತ್ಯೇಕವಾಗಿ ಕೇಳಿರಿ. ಯಾರಾದರೂ ಅನಿರೀಕ್ಷಿತವಾಗಿ ರಜೆ ಹಾಕಿದರೆ ಅವರ ಜಾಗಕ್ಕೆ ಬದಲಿ ಸಿಬ್ಬಂದಿ ಬರುತ್ತಾರೆಯೇ, ಅಥವಾ ಪಾಳಿ ಮುಗಿಸಿದವರನ್ನೇ ಉಳಿಸಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆಯನ್ನಂತೂ ಬಿಡಬೇಡಿ; ಇದಕ್ಕೆ ಸ್ಪಷ್ಟ ಉತ್ತರ ಸಿಗದ ಕಡೆ ಸೇರದಿರುವುದೇ ಒಳಿತೆಂದು ನನ್ನ ಅಭಿಪ್ರಾಯ. ಸಾಧ್ಯವಾದರೆ ಒಂದು ಪಾಳಿಯ ಕಾಲ ವಾರ್ಡಿನಲ್ಲಿದ್ದು ನೋಡಲು ಅನುಮತಿ ಕೋರಿರಿ.

ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಹಾಗೂ ಮಾತಿನ ತೊಂದರೆಗೆ ನೀಡುವ ವಾಕ್ ಚಿಕಿತ್ಸೆಯಲ್ಲಿರುವವರು ದಿನಕ್ಕೆ ಎಷ್ಟು ರೋಗಿಗಳೆಂದು ಕೇಳಿದರೆ ಸಾಲದು, ದಾಖಲೆ ಬರೆಯಲು ಸಂಬಳದ ಅವಧಿಯಲ್ಲೇ ಸಮಯ ಕೊಡುತ್ತಾರೆಯೇ ಎಂಬುದನ್ನೂ ತಿಳಿಯಬೇಕು.

ಸೇರ್ಪಡೆ ಬೋನಸ್ ಇದ್ದರೆ, ಅವಧಿಗೆ ಮುನ್ನ ಬಿಟ್ಟಾಗ ಎಷ್ಟು ಹಿಂದಿರುಗಿಸಬೇಕೆಂಬ ಷರತ್ತನ್ನು ಸಹಿಗೆ ಮೊದಲೇ ಓದಿರಿ. ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ನೋಂದಣಿಯ ನಿಯಮಗಳನ್ನು ಏಜೆಂಟರಿಂದಲ್ಲ, ನೇರವಾಗಿ ಆ ದೇಶದ ನೋಂದಣಿ ಮಂಡಳಿಯಿಂದಲೇ ಕೇಳಿ ತಿಳಿಯಬೇಕು.