ಅಜ್ಜಿಯ ದಸರಾ ಗೊಂಬೆಗಳಿಗೆ ಏರ್‌ಬ್ರಶ್: ಮೂರನೇ ವರ್ಷ ಕೈ ಹಿಡಿಯಿತು

ಈ ಸಲ ನಮ್ಮನೆಯಲ್ಲಿ ಗೊಂಬೆ ಕೂರಿಸಿದಾಗ ದಶಾವತಾರದ ಹತ್ತೂ ಗೊಂಬೆಗಳು ಹೊಸ ಬಣ್ಣದಲ್ಲಿ ನಿಂತಿದ್ದವು. ಅಜ್ಜಿ ಮದುವೆಯಾಗಿ ಬಂದಾಗ ತಂದ ಮಣ್ಣಿನ ಗೊಂಬೆಗಳು. ಅರವತ್ತು ವರ್ಷವಂತೂ ಆಗಿರಬೇಕು. ಗಾಳಿಯ ಒತ್ತಡದಲ್ಲಿ ಬಣ್ಣವನ್ನು ಮಂಜಿನ ಹಾಗೆ ಸಿಂಪಡಿಸುವ ಪುಟ್ಟ ಗನ್, ಅಂದರೆ ಏರ್‌ಬ್ರಶ್, ನಾನು ತಂದಾಗ ಸೋದರತ್ತೆ ಕೇಳಿದ್ದರು: "ಕಾರಿಗೆ ಹೊಡೆದ ಹಾಗೆ ದೇವರಿಗೂ ಬಣ್ಣ ಹೊಡೀತೀಯೇನೋ?" ಗೊಂಬೆ ಮಾಡುವ ಹಿರಿಯರೊಬ್ಬರೂ ಹಳೇ ಮಣ್ಣಿನ ಮೇಲೆ ಇದು ನಿಲ್ಲೋದಿಲ್ಲ ಅಂದಿದ್ದರು. ನಿಲ್ಲುತ್ತದೆ. ಹೇಗೆ ಅಂತ ಬರೆಯುತ್ತೇನೆ. ಗನ್ ಬಿಚ್ಚಿ ತೊಳೆಯುವುದು, ಬಣ್ಣವನ್ನು ಹಾಲಿನ ಹದಕ್ಕೆ ತರುವುದು ಏರ್‌ಬ್ರಶ್ ಹಿಡಿದವರಿಗೆ ಗೊತ್ತೇ ಇರುತ್ತದೆ.

ಮೊದಲು ದುಡ್ಡಿನ ವಿಷಯ. ಚಾರ್ಜ್ ಮಾಡುವ ಪುಟ್ಟ ಏರ್‌ಬ್ರಶ್ ಒಂದನ್ನು ಸುಮಾರು 2,200 ರೂಪಾಯಿ ಕೊಟ್ಟು ತಂದೆ. ಅದರಲ್ಲಿ ಒತ್ತಡ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ಆಮೇಲೆ ಗನ್‌ಗೆ ಗಾಳಿ ಒತ್ತಿ ಕಳಿಸುವ ಯಂತ್ರ, ಅಂದರೆ ಕಂಪ್ರೆಸರ್, ಟ್ಯಾಂಕ್ ಇಲ್ಲದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು, ಮೂರು ಸಾವಿರದ ಹತ್ತಿರ. ಗಾಳಿ ಏರಿಳಿದು ಗೆರೆಯೆಲ್ಲ ನಡುಗುತ್ತಿತ್ತು. ಕೊನೆಗೆ 3 ಲೀಟರ್ ಟ್ಯಾಂಕ್ ಇರುವುದಕ್ಕೆ ಎಂಟು ಸಾವಿರ, 0.3 ಮಿಲಿಮೀಟರ್ ನಾಜಲ್‌ನ ಡಬಲ್ ಆ್ಯಕ್ಷನ್ ಗನ್‌ಗೆ (ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ) ಸಾವಿರದ ಐನೂರು. ಬಣ್ಣ, ಮಾಸ್ಕ್ ಎಲ್ಲ ಸೇರಿ ಹದಿನೇಳು ಸಾವಿರ ಆಗಿರಬಹುದು. ಅದರಲ್ಲಿ ಮೊದಲ ಎರಡಕ್ಕೆ ಕೊಟ್ಟ ಐದು ಸಾವಿರ ನೀರಲ್ಲಿ ಹೋಮ. ಗನ್ ಅಗ್ಗದ್ದಾದರೂ ನಡೆಯುತ್ತದೆ. ಟ್ಯಾಂಕ್ ಮಾತ್ರ ಬೇಕೇ ಬೇಕು.

ಮೊದಲು ಕೆಟ್ಟಿದ್ದು ವರಾಹ. ಹಳೇ ಗೊಂಬೆಗೆ ಹಚ್ಚಿರುವುದು ನೀರಿನ ಡಿಸ್ಟೆಂಪರ್, ಅದರ ಕೆಳಗೆ ಸುಣ್ಣದ ಪುಡಿಯ ಬಿಳಿ ಪದರ. ನಾನು ನೇರವಾಗಿ ನೀರಿನ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಹೊಡೆದೆ. ಪಂಚೆಯ ಕೆಂಪು ಕರಗಿ ಹೊಟ್ಟೆಯ ಮೇಲೆ ಇಳಿಯಿತು. ಸೊಂಟದ ಹತ್ತಿರ ಸುಣ್ಣವೇ ಎದ್ದು ಬಂತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜಿ ಪ್ರತಿ ವರ್ಷ ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದ ಗೊಂಬೆ ಅದು.

ನೀರೇ ಬೇಡ ಅಂತ ವಾಮನನಿಗೆ ಕಾರಿನ ಪ್ರೈಮರ್ ಹೊಡೆದೆ. ಮೇಲೆ ಗಟ್ಟಿ ಪದರ, ಒಳಗೆ ಪುಡಿ. ಉಗುರು ತಾಗಿದರೆ ಸಿಪ್ಪೆ ಬಿಡಿಸಿದ ಹಾಗೆ ಬರುತ್ತಿತ್ತು. ಜೊತೆಗೆ ಆ ಪ್ರೈಮರ್ ತೆಳು ಮಾಡುವ ಎನ್‌ಸಿ ಥಿನ್ನರ್‌ಗೆ ಗನ್ ಒಳಗಿನ ರಬ್ಬರ್ ರಿಂಗ್ ಊದಿಕೊಂಡಿತು. ಹೊಸ ರಿಂಗ್ ಬರಲು ಹದಿನೈದು ದಿನ.

ದಾರಿ ಸಿಕ್ಕಿದ್ದು ಮನೆಗೆ ಬಾಗಿಲು ಪಾಲಿಶ್ ಮಾಡಲು ಬಂದ ಬಡಗಿಯಿಂದ. ಅವರು ಹಚ್ಚುತ್ತಿದ್ದ ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಲ್ವಾ? ನೀರಿಗೆ ಕರಗುವ ಡಿಸ್ಟೆಂಪರ್‌ಗೆ ಸ್ಪಿರಿಟ್ ಏನೂ ಮಾಡುವುದಿಲ್ಲ. ಗೊಂಬೆಯ ಅಡಿಯಲ್ಲಿ ಹತ್ತಿ ಅದ್ದಿ ಉಜ್ಜಿ ನೋಡಿದೆ, ಬಣ್ಣ ಕರಗಲಿಲ್ಲ. ಸ್ಪಿರಿಟ್ ಆರಿದ ಮೇಲೆ ಅರಗು ಪುಡಿಯನ್ನು ಹಿಡಿದುಕೊಂಡು, ಮೇಲೆ ಹೊಡೆಯುವ ನೀರಿನ ಪ್ರೈಮರ್ ಕೆಳಗಿಳಿಯದ ಹಾಗೆ ತಡೆಯುತ್ತದೆ. ಆದರೆ ಕುಂಚದಲ್ಲಿ ಹಚ್ಚಿದರೆ ಸಡಿಲವಾದ ಪುಡಿ ಕೂದಲಿಗೆ ಹತ್ತಿ ಎಳೆದುಕೊಂಡು ಬರುತ್ತದೆ. ಇಲ್ಲೇ ಏರ್‌ಬ್ರಶ್ ಗೆಲ್ಲುವುದು. ಏನೂ ತಾಗದೆ ಮಂಜಿನ ಹಾಗೆ ಕೂರುತ್ತದೆ.

ಒಂದು ಪಾಲು ಪಾಲಿಶ್‌ಗೆ ಮೂರು ನಾಲ್ಕು ಪಾಲು ಸ್ಪಿರಿಟ್, ಒತ್ತಡ 20 ಪಿಎಸ್‌ಐ ಆಸುಪಾಸು, ಅರ್ಧ ಗೇಣು ದೂರ. ಇನ್ನೂ ದೂರ ಹೋದರೆ ಗಾಳಿಯಲ್ಲೇ ಒಣಗಿ ಮರಳಿನ ಹಾಗೆ ಬೀಳುತ್ತದೆ. ಹತ್ತು ನಿಮಿಷಕ್ಕೊಂದರಂತೆ ಮೂರು ತೆಳು ಪದರ. ಮುಗಿದ ತಕ್ಷಣ ಗನ್‌ಗೆ ಬರೀ ಸ್ಪಿರಿಟ್ ಓಡಿಸಿ, ಇಲ್ಲದಿದ್ದರೆ ಸೂಜಿ ಅಂಟಿಕೊಳ್ಳುತ್ತದೆ. ಕಿಟಕಿ ತೆಗೆದಿರಲಿ, ಹತ್ತಿರ ದೀಪ, ಒಲೆ ಏನೂ ಉರಿಯುತ್ತಿರಬಾರದು. ಮಾರನೇ ದಿನ ನೀರಿನ ಪ್ರೈಮರ್, ಆಮೇಲೆ 15 ಪಿಎಸ್‌ಐನಲ್ಲಿ ಅಕ್ರಿಲಿಕ್ ಬಣ್ಣ. ವರಾಹ, ವಾಮನ ಇಬ್ಬರನ್ನೂ ಕೆರೆದು, ಸುಣ್ಣ ತುಂಬಿ, ಹೀಗೇ ಮಾಡಿದೆ. ಈಗ ಎಲ್ಲಿ ಕೆಟ್ಟಿತ್ತು ಅಂತ ನನ್ನನ್ನು ಬಿಟ್ಟು ಯಾರೂ ತೋರಿಸಲಾರರು.

ಎರಡನೇ ವರ್ಷ ಮಳೆಗಾಲದಲ್ಲಿ ಪಾಲಿಶ್ ಹೊಡೆದು ಮತ್ಸ್ಯನ ಮೇಲೆ ಹೊಗೆಯಂಥ ಬಿಳಿ ಬಂತು. ತೇವದ ಗಾಳಿಯಲ್ಲಿ ಅರಗು ಹಾಗೇ ಮಾಡುತ್ತದೆ. ಹಬ್ಬ ಬರುವುದು ಮಳೆ ಮುಗಿಯುವ ಹೊತ್ತಿಗೆ, ನಾವು ಪೆಟ್ಟಿಗೆ ತೆಗೆಯುವುದೂ ಆಗಲೇ. ಅದಕ್ಕೇ ಈ ಸಲ ಮಾರ್ಚ್‌ನಲ್ಲೇ ಶುರು ಮಾಡಿದೆ.

ಕೃಷ್ಣನ ಮೈಗೆ ಕೆಳಗಿನಿಂದ ನೇರಳೆ, ಮೇಲಿನಿಂದ ತಿಳಿನೀಲಿ. ನಡುವೆ ಇನ್ನೊಂದು ಬಣ್ಣ ಇದೆ, ಅದನ್ನು ಹೇಳುವುದಿಲ್ಲ. ಆ ಹದಕ್ಕೆ ನನಗೆ ಎರಡು ತಿಂಗಳು ಹಿಡಿದಿದೆ.

ಬಣ್ಣ ಬೀಳಬಾರದ ಜಾಗ ಮುಚ್ಚುವ ಮಾಸ್ಕಿಂಗ್ ಟೇಪ್ ಹಳೇ ಬಣ್ಣವನ್ನು ಕಿತ್ತುಕೊಂಡು ಬರುತ್ತದೆ ಅಂತ ಚಪಾತಿ ಹಿಟ್ಟು ಮೆತ್ತಿ ನೋಡಿದೆ. ಹಿಟ್ಟಿನ ತೇವ ಇಳಿಯಿತು. ಎಣ್ಣೆ ಹಾಕಿ ನಾದಿದರೆ ಎಣ್ಣೆ ಕಲೆಯ ಮೇಲೆ ಬಣ್ಣವೇ ಹಿಡಿಯಲಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸುವ ಅಂಟುಮುದ್ದೆ ಸಾಕು. ಚನ್ನಪಟ್ಟಣದ ಕುದುರೆಯೊಂದಕ್ಕೂ ಪ್ರಯತ್ನಿಸಿದೆ. ಸ್ಪಿರಿಟ್‌ನಲ್ಲಿ ಒರೆಸಿದ ಕೂಡಲೇ ಹೊಳಪೇ ಹೋಯಿತು. ಅದರ ಬಣ್ಣವೇ ಅರಗಿನದ್ದು, ಸ್ಪಿರಿಟ್‌ಗೆ ಕರಗದೆ ಏನಾಗುತ್ತದೆ? ಆ ಗೊಂಬೆಗಳನ್ನು ಸುಮ್ನೆ ಒಣ ಬಟ್ಟೆಯಲ್ಲಿ ಒರೆಸಿ ಇಡಿ, ಅವು ಹಾಗೇ ಚೆಂದ.

ಕಣ್ಣು ಮಾತ್ರ ಇವತ್ತಿಗೂ ಸೊನ್ನೆ ಸೈಜಿನ ಕುಂಚದಲ್ಲೇ ಬರೆಯುತ್ತೇನೆ. ರಾಮನ ಕಣ್ಣಿಗೆ ಒಂದು ಭಾನುವಾರ ಪೂರ್ತಿ ಹೋಯಿತು.

ವಿಜಯದಶಮಿಯ ದಿನ ಸೋದರತ್ತೆ ಬಂದು ದಶಾವತಾರದ ಮುಂದೆ ತುಂಬಾ ಹೊತ್ತು ನಿಂತಿದ್ದರು. ಮುಂದಿನ ವಾರ ಅವರ ಮನೆಯ ಶೆಟ್ಟಿ-ಶೆಟ್ಟಮ್ಮ ಜೋಡಿಯನ್ನು ಪೇಪರ್‌ನಲ್ಲಿ ಸುತ್ತಿ ತಂದುಕೊಟ್ಟರು. ಶೆಟ್ಟಮ್ಮನ ಮೂಗಿನ ತುದಿ ಮುರಿದಿದೆ, ಶೆಟ್ಟಿಯ ಪೇಟದ ಬಣ್ಣ ಮುಟ್ಟಿದರೆ ಕೈಗೆ ಬರುತ್ತದೆ. ಎರಡನ್ನೂ ಬೀರುವಿನ ಮೇಲೆ ಇಟ್ಟಿದ್ದೇನೆ. ಶಿವರಾತ್ರಿ ಕಳೆಯಲಿ, ಗಾಳಿ ಒಣಗಲಿ.